ಮೂರ್ತಿ ಅಂಕಲ್ ಕೊಟ್ಟ ಗ್ರಾಫಿಕ್ಸ್ ಕಾರ್ಡು

ಹೋದ ವಾರ ಪಕ್ಕದ ಮನೆಯ ಹುಡುಗಿ ಅನ್ವಿ ಹೊಸ ಮದರ್‌ಬೋರ್ಡಿನ ಬೆಳ್ಳಿ ಬಣ್ಣದ ಚೀಲ ಬಿಚ್ಚಿ ನನ್ನ ಮುಖದ ಹತ್ತಿರ ಹಿಡಿದಳು. ಅವಳು ಹಿಡಿದದ್ದು ನೋಡಲಿ ಅಂತ, ನನಗೆ ಬಡಿದದ್ದು ಮಾತ್ರ ವಾಸನೆ. ಹೊಸ ಪ್ಲಾಸ್ಟಿಕ್ಕು, ಬೆಸುಗೆ, ಯಾವುದೋ ಕಾರ್ಖಾನೆಯ ಎಣ್ಣೆ, ಎಲ್ಲ ಸೇರಿದ ವಾಸನೆ. ಅಮೆರಿಕದ ಆಲ್ಡಿ ಊರಿನ ಈ ದೊಡ್ಡ ಮನೆಯಲ್ಲಿ ಕೂತಿದ್ದವಳು ಒಂದೇ ಉಸಿರಿಗೆ ಸೆಂಟರ್‌ವಿಲ್‌ನ ಹಳೇ ಅಪಾರ್ಟ್‌ಮೆಂಟಿನ ಕಾರ್ಪೆಟ್ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದೆ. ಯಾವ ಕಾರ್ಡ್ ಯಾವ ಬೋರ್ಡಿಗೆ ಸರಿಹೋಗುತ್ತೆ ಅಂತ ವೆಬ್‌ಸೈಟೇ ಹೇಳುತ್ತದೆ, ಆಂಟಿ ಡೋಂಟ್ ವರಿ ಅಂದಳು ಅನ್ವಿ. ವರಿ ಮಾಡದೆ ಕಂಪ್ಯೂಟರ್ ಕಟ್ಟುತ್ತಾರಂತೆ, ಪುಣ್ಯವಂತರು. ನಾನು ಕಟ್ಟಿದ ಒಂದು ಕಂಪ್ಯೂಟರಿಗೆ ಎಲೆ ಉದುರುವ ಒಂದು ಇಡೀ ಫಾಲ್ ಸೀಸನ್ ಹೋಯಿತು.

ಅದು ತೊಂಬತ್ತೊಂಬತ್ತನೆಯ ಇಸವಿ. ಎರಡು ಸಾವಿರ ಹುಟ್ಟಿದ ಕ್ಷಣಕ್ಕೆ ಲೋಕದ ಕಂಪ್ಯೂಟರುಗಳೆಲ್ಲ ತಾರೀಖು ಗೊತ್ತಾಗದೆ ಕೆಟ್ಟು ಕೂರುತ್ತವೆ ಎಂದು ಹೆದರಿ ಅಮೆರಿಕ ನಮ್ಮ ಗಂಡಂದಿರನ್ನೆಲ್ಲ ಕರೆಸಿಕೊಂಡಿತ್ತು. ಅವರು ಶನಿವಾರ ಭಾನುವಾರ ಎನ್ನದೆ ಹಳೆಯ ಪ್ರೋಗ್ರಾಮುಗಳನ್ನು ತಿದ್ದುತ್ತಿದ್ದರು. ಅವರ ವೀಸಾ ಹಿಡಿದು ಬಂದ ನಾವು ಹೆಂಡತಿಯರು ಕೆಲಸ ಮಾಡುವಂತಿರಲಿಲ್ಲ. ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಓದಿ, ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನ ಬೋರ್ಡುಗಳನ್ನು ಟೆಸ್ಟ್ ಮಾಡುತ್ತಿದ್ದವಳು ನಾನು. ಇಲ್ಲಿ ನನ್ನ ಪರಿಣತಿಯೆಲ್ಲ ಒಗ್ಗರಣೆ ಹೊಗೆಗೆ ಸ್ಮೋಕ್ ಅಲಾರ್ಮ್ ಬಡಿದುಕೊಳ್ಳದ ಹಾಗೆ ಟವೆಲ್ ಬೀಸುವುದಕ್ಕೆ ಬಂದು ನಿಂತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಗಂಡ ಶ್ರೀಧರ, ಸ್ವಲ್ಪ ರೆಸ್ಟ್ ತಗೋ ಅನ್ನುತ್ತಿದ್ದ. ಯಾವ ದುಡಿಮೆಗೆ ರೆಸ್ಟು ಎಂದು ನಾನು ಅವನ ಮೇಲೆ ಎಗರಿ ಬೀಳುತ್ತಿದ್ದೆ.

ಎದುರು ಬ್ಲಾಕಿನಲ್ಲಿ ನಸ್ರೀನ್ ಇದ್ದಳು. ಅವಳೂ ಮೈಸೂರಿನವಳು, ಅಲ್ಲೇ ಎಂಬಿಬಿಎಸ್ ಮಾಡಿದವಳು. ಈ ದೇಶದಲ್ಲಿ ಡಾಕ್ಟರ್ ಆಗಬೇಕಾದರೆ ಕೊಡಬೇಕಾದ ಪರೀಕ್ಷೆಗಳಲ್ಲಿ ಮೊದಲನೆಯದನ್ನು ಪಾಸು ಮಾಡಿಕೊಂಡಿದ್ದಳು. ಎರಡನೆಯದರಲ್ಲಿ ಹಿಂದಿನ ವರ್ಷ ಫೇಲಾಗಿತ್ತು. ಫೇಲಾಗದೆ ಇನ್ನೇನು? ಗಂಡ ಇಮ್ರಾನ್ ಪ್ರಾಜೆಕ್ಟಿಗೆಂದು ಅಟ್ಲಾಂಟಾದಲ್ಲಿದ್ದಾಗ, ಪರೀಕ್ಷೆಗೆ ಇನ್ನೇನು ಸ್ವಲ್ಪ ದಿನ ಇದೆ ಅನ್ನುವಾಗ, ಅವಳ ಹೊಟ್ಟೆಯಲ್ಲಿದ್ದ ಕೂಸು ಹೋಯಿತು. ಆವತ್ತು ಅವಳನ್ನು ಕಾರಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಓಡಿದವರು ಮೂರ್ತಿ ಅಂಕಲ್ ಮತ್ತು ಅವರ ಹೆಂಡತಿ ಲಲಿತಾ ಆಂಟಿ. ನಮಗಿಂತ ಎಷ್ಟೋ ಮೊದಲೇ ಈ ದೇಶಕ್ಕೆ ಬಂದು ಸರ್ಕಾರಿ ನೌಕರಿಯಲ್ಲಿದ್ದ ಅಂಕಲ್, ಇಮ್ರಾನ್ ವಿಮಾನ ಹಿಡಿದು ಬರುವವರೆಗೆ ಆಸ್ಪತ್ರೆಯ ಕುರ್ಚಿ ಬಿಟ್ಟು ಏಳಲಿಲ್ಲವಂತೆ. ನಸ್ರೀನ್ ಅದನ್ನು ಹೇಳುವಾಗಲೆಲ್ಲ ಅರ್ಧಕ್ಕೇ ನಿಲ್ಲಿಸುತ್ತಿದ್ದಳು.

ಈಗ ಮತ್ತೆ ಪರೀಕ್ಷೆ ಬಂದಿತ್ತು. "ಇದೇ ಕೊನೇದು ಕಣೇ ವಸು," ಎಂದಿದ್ದಳು ನನಗೆ. "ಈ ಸಲಾನೂ ಆಗ್ಲಿಲ್ಲ ಅಂದ್ರೆ ಸ್ಟೆತಾಸ್ಕೋಪ್ ಎತ್ತಿಟ್ಟುಬಿಡ್ತೀನಿ. ಮತ್ತೆ ಆ ಮಾತು ಎತ್ತಲ್ಲ." ಅವಳು ಸುಮ್ಮನೆ ಹೇಳುವವಳಲ್ಲ. ಆ ವರ್ಷ ಪರೀಕ್ಷೆಯನ್ನು ಕಾಗದದಿಂದ ಕಂಪ್ಯೂಟರಿಗೆ ಬೇರೆ ಬದಲಾಯಿಸಿದ್ದರು. ಎಕ್ಸ್‌ರೇ, ಚರ್ಮದ ಮೇಲಿನ ಗುಳ್ಳೆ, ಸೂಕ್ಷ್ಮದರ್ಶಕದ ಕೆಳಗಿನ ಸ್ಲೈಡು, ಎಲ್ಲ ಪರದೆಯ ಮೇಲೇ ನೋಡಿ ಉತ್ತರಿಸಬೇಕು. ಅಭ್ಯಾಸಕ್ಕೆ ಸೀಡಿಗಳಿದ್ದವು. ಕಂಪ್ಯೂಟರ್ ಇರಲಿಲ್ಲ. ಮೂರ್ತಿ ಅಂಕಲ್ ಮನೆಯಲ್ಲೊಂದಿತ್ತು, ಡ್ರೈವಿಂಗ್ ಬಾರದ ನಸ್ರೀನ್ ದಿನಾ ಅಷ್ಟು ದೂರ ಹೋಗುವುದು ಹೇಗೆ? ಗಂಡಂದಿರ ಲ್ಯಾಪ್‌ಟಾಪುಗಳು ಆಫೀಸಿನವು, ನಾವು ಒರೆಸುವುದಕ್ಕೂ ಮುಟ್ಟುವಂತಿಲ್ಲ. ಲೈಬ್ರರಿಯಲ್ಲಿ ಸರದಿಯ ಮೇಲೆ ಒಂದು ಗಂಟೆ ಕೊಡುತ್ತಿದ್ದರು, ನಮ್ಮ ಸೀಡಿ ಹಾಕುವಂತಿಲ್ಲ ಎನ್ನುತ್ತಿದ್ದರು. ಸರಿ, ನಾನು ಕಟ್ಟಿಕೊಡುತ್ತೇನೆ ಎಂದುಬಿಟ್ಟೆ.

ನಮ್ಮವರಲ್ಲಿ ಆಗ ಒಂದು ಪದ್ಧತಿ ಇತ್ತು. ಯಾರಾದರೂ ಪ್ರಾಜೆಕ್ಟ್ ಬದಲಾಗಿ ಊರು ಬಿಟ್ಟರೆ ಹಾಸಿಗೆ, ಕುಕ್ಕರ್, ಇಡ್ಲಿ ಸ್ಟ್ಯಾಂಡು ಎಲ್ಲ ಉಳಿದವರ ಮನೆಗೆ ಹಂಚಿ ಹೋಗುವುದು. ಕಂಪ್ಯೂಟರಿನ ಸಾಮಾನೂ ಹಾಗೇ ಕೈ ಬದಲಾಗುತ್ತಿತ್ತು. ಷಾರ್ಲಟ್‌ನ ಬ್ಯಾಲಂಟೈನ್ ಬಡಾವಣೆಯ ಕಡೆ ಬ್ಯಾಂಕಿನ ಕೆಲಸಕ್ಕೆ ಹೋದವರೊಬ್ಬರು ಬಿಟ್ಟುಹೋದ ಕಂಪ್ಯೂಟರಿನ ತಗಡಿನ ಡಬ್ಬ ಮತ್ತು ಮದರ್‌ಬೋರ್ಡು ನಮ್ಮ ಕ್ಲಾಸೆಟ್‌ನಲ್ಲಿತ್ತು. ಶ್ರೀಧರನ ಗೆಳೆಯನೊಬ್ಬ ಪ್ರೊಸೆಸರ್ ಕೊಟ್ಟ. ಮಾನಿಟರ್, ಕೀಬೋರ್ಡ್ ಬೇರೆ ಬೇರೆ ಮನೆಯಿಂದ ಬಂದವು. ನಾಲ್ಕು ಮನೆಯ ಅಡುಗೆ ಸೇರಿಸಿ ಒಂದು ಊಟ ಆಗುವಾಗ ಕಂಪ್ಯೂಟರ್ ಆಗುವುದಿಲ್ಲವೇ ಎಂದು ಎಲ್ಲರ ಲೆಕ್ಕಾಚಾರ.

ಆಗಲಿಲ್ಲ. ಬೋರ್ಡು ಹಳೆಯದು, ಪ್ರೊಸೆಸರ್ ಅದಕ್ಕಿಂತ ಹೊಸದು. ಬೋರ್ಡಿನ ಜೊತೆಗೇ ಬಂದಿದ್ದ ನಿಧಾನದ ಹಳೇ ಪ್ರೊಸೆಸರಿಗೆ ಹೆಚ್ಚು ವೋಲ್ಟೇಜ್ ಬೇಕಿತ್ತು, ಇದಕ್ಕೆ ಕಡಿಮೆ ಸಾಕು. ಸ್ವಿಚ್ ಹಾಕುವ ಮೊದಲು ಪ್ರೊಸೆಸರಿನ ಬೆನ್ನ ಮೇಲೆ ಬರೆದಿದ್ದ ಅಂಕಿಯನ್ನೂ ಬೋರ್ಡಿನ ಮೇಲೆ ಅಚ್ಚಾಗಿದ್ದ ಪಟ್ಟಿಯನ್ನೂ ತಾಳೆ ನೋಡಿದೆನೋ ಬಚಾವಾದೆ, ಇಲ್ಲದಿದ್ದರೆ ಆವತ್ತೇ ಅದನ್ನು ಸುಟ್ಟು ಕೂರುತ್ತಿದ್ದೆ. ವೋಲ್ಟೇಜ್ ಬದಲಾಯಿಸಲು ಬೋರ್ಡಿನ ಮೇಲಿನ ಪಿನ್ನುಗಳಿಗೆ ಜಂಪರ್ ಎನ್ನುವ ಪುಟ್ಟ ಟೋಪಿ ಹಾಕಬೇಕು. ಹುಬ್ಬು ಕೀಳುವ ಚಿಮಟದಲ್ಲಿ ಎತ್ತಿ ಹಾಕಿದೆ. ಆದರೂ ಪರದೆ ಕಪ್ಪು. ಈ ಬೋರ್ಡು ಇಂಥ ಪ್ರೊಸೆಸರನ್ನು ಹುಟ್ಟಿದಂದಿನಿಂದ ಕಂಡಿರಲಿಲ್ಲ. ಅದಕ್ಕೆ ಪರಿಚಯ ಮಾಡಿಸುವ, ಬಯೋಸ್ ಎನ್ನುವ ಪುಟ್ಟ ಪ್ರೋಗ್ರಾಮಿನ ಹೊಸ ಆವೃತ್ತಿಯನ್ನು ಲೈಬ್ರರಿಯಲ್ಲಿ ಫ್ಲಾಪಿಗೆ ಇಳಿಸಿಕೊಂಡೆ. ಆ ಹಳೇ ಪ್ರೊಸೆಸರನ್ನು ಒಮ್ಮೆ ಕೂರಿಸಿ, ಬಯೋಸ್ ಬರೆಸಿ, ಮತ್ತೆ ಹೊಸದನ್ನು ಹಾಕಿದೆ. ಬರೆಯುವಾಗ ಮಧ್ಯೆ ಕರೆಂಟ್ ಹೋದರೆ ಬೋರ್ಡು ಸತ್ತಂತೆ. ನಾನೂ ನಸ್ರೀನೂ ಮೈಸೂರಿನ ಅಭ್ಯಾಸದಲ್ಲಿ ಟ್ಯೂಬ್‌ಲೈಟ್ ನೋಡುವವರ ಹಾಗೆ ಮೇಲೆ ನೋಡುತ್ತಾ ಕೂತೆವು. ಪರದೆ ಬೆಳಗಿದಾಗ ನಾನು ಆಫೀಸಿಗೆ ಫೋನ್ ಮಾಡಿ ಶ್ರೀಧರನಿಗೆ ಹೇಳಿದೆ, ನಿನ್ನ ಹೆಂಡತಿ ಇವತ್ತು ಇಂಜಿನಿಯರ್ ಆದಳು ಅಂತ.

ಇನ್ನು ಉಳಿದದ್ದು ಗ್ರಾಫಿಕ್ಸ್ ಕಾರ್ಡು, ಅಂದರೆ ಪರದೆಗೆ ಚಿತ್ರ ಕಳಿಸುವ ಭಾಗ. ತಾತ್ಕಾಲಿಕವಾಗಿ ನಾನು ಹಾಕಿದ್ದ ಹಳೇ ಕಾರ್ಡಿನಲ್ಲಿ ಬಣ್ಣಗಳೇ ಸಾಲದು. "ಇದ್ರಲ್ಲಿ ಟೀಬಿನೂ ಒಂದೇ, ಕ್ಯಾನ್ಸರೂ ಒಂದೇ," ಅಂದಳು ನಸ್ರೀನ್. ಗುಲಾಬಿಗೂ ನೇರಳೆಗೂ ವ್ಯತ್ಯಾಸ ಕಾಣದಿದ್ದರೆ ಸ್ಲೈಡ್ ನೋಡಿ ಏನು ಪ್ರಯೋಜನ? ಈ ಸುದ್ದಿ ಮೂರ್ತಿ ಅಂಕಲ್ ಕಿವಿಗೆ ಬಿತ್ತು. ಅವರು ಪಕ್ಕದ ಊರು ಶಾಂಟಿಲಿಯಲ್ಲಿ ನಡೆಯುತ್ತಿದ್ದ ಕಂಪ್ಯೂಟರ್ ಶೋಗೆ ಹೋಗಿ, ಜಾತ್ರೆಯ ಅಂಗಡಿಗಳಂಥ ಆ ಮೇಜುಗಳ ನಡುವೆ ಸುತ್ತಿ, ಇದ್ದದ್ದರಲ್ಲೇ ಭಾರೀ ಕಾರ್ಡೊಂದನ್ನು ಹೊಚ್ಚ ಹೊಸದಾಗಿ ತಂದರು. ಡಬ್ಬದ ಮೇಲೆ ಬೆಂಕಿ ಉಗುಳುವ ಪ್ರಾಣಿಯ ಚಿತ್ರವಿತ್ತು. ಆಂಟಿ ಕೇಸರಿಬಾತ್ ತಂದಿದ್ದರು. ನಾನು ಕಾರ್ಡು ಕೂರಿಸಿದೆ, ನಸ್ರೀನ್ ಸೀಡಿ ಹಾಕಿದಳು. ಸ್ಲೈಡಿನ ಬಣ್ಣ ನೋಡಿ ಅವಳು ಬಾಯಿ ಮೇಲೆ ಕೈಯಿಟ್ಟುಕೊಂಡಳು. ಅಂಕಲ್ ಮುಖವನ್ನಂತೂ ನೋಡಬೇಕಿತ್ತು.

ಆಮೇಲೆ ಪ್ರತಿ ಶನಿವಾರ ನಸ್ರೀನಳಿಗೆ ಡ್ರೈವಿಂಗ್ ಕಲಿಸಲು ಬರುತ್ತಿದ್ದ ಅಂಕಲ್, ಕಾರಿನ ಕೀ ಕೊಡುವ ಮೊದಲು ಕೇಳುತ್ತಿದ್ದರು, ಹೆಂಗಿದೆಯಮ್ಮಾ ನಮ್ಮ ಕಾರ್ಡು ಅಂತ. ಫಸ್ಟ್ ಕ್ಲಾಸ್ ಅಂಕಲ್ ಅನ್ನುತ್ತಿದ್ದಳು ನಸ್ರೀನ್. ನನಗೂ ಅದನ್ನೇ ಹೇಳುತ್ತಿದ್ದಳು.

ನವೆಂಬರಿನ ಒಂದು ಮಧ್ಯಾಹ್ನ ಟಿಫಿನ್ ಡಬ್ಬ ವಾಪಸ್ ಕೊಡಲು ಹೇಳದೆ ಕೇಳದೆ ಅವಳ ಮನೆಗೆ ಹೋದೆ. ಹೊರಗೆ ಎಲೆಯೆಲ್ಲ ಉದುರಿ ಗಾಳಿ ಕೊರೆಯುತ್ತಿತ್ತು. ಒಳಗೆ ಈ ಮಹಾತಾಯಿ ಸ್ವೆಟರ್ ಮೇಲೆ ಶಾಲು, ಶಾಲಿನ ಮೇಲೆ ಇಮ್ರಾನನ ಜಾಕೆಟ್ಟು ಹಾಕಿಕೊಂಡು ಕೂತಿದ್ದಾಳೆ, ಟೇಬಲ್ ಫ್ಯಾನು ಜೋರಾಗಿ ತಿರುಗುತ್ತಿದೆ. ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿ, ಅದರ ಹೊಟ್ಟೆಗೆ ನೇರವಾಗಿ ಫ್ಯಾನ್ ಬಿಟ್ಟಿದ್ದಳು. ಪರದೆಯ ಮೇಲೆ ಸ್ಲೈಡು ಅರ್ಧ ಬಂದು ಕಲ್ಲಾಗಿ ನಿಂತಿತ್ತು. ಇವಳು ಉಳಿದರ್ಧವನ್ನು ನೆನಪಿನಿಂದ ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳುತ್ತಿದ್ದಳು. ಕೇಳಿದರೆ, ಮೊದಲ ವಾರದಿಂದಲೂ ಹೀಗೇ ಅಂತೆ. ಸ್ವಲ್ಪ ಹೊತ್ತು ಚೆನ್ನಾಗಿರುತ್ತದೆ, ಬಿಸಿಯಾದ ಮೇಲೆ ನಿಂತುಬಿಡುತ್ತದೆ, ಆರಿಸಿ ತಣ್ಣಗಾಗಲು ಬಿಡಬೇಕು, ಮತ್ತೆ ಮೊದಲಿಂದ.

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?" ಎಂದೆ.

"ನೀನು ಅಷ್ಟು ಕಷ್ಟಪಟ್ಟು ಮಾಡ್ಕೊಟ್ಟಿದ್ಯಾ. ಹೆಂಗೆ ಹೇಳ್ಲಿ?"

ನನಗೆ ಬಂದ ಸಿಟ್ಟಿಗೆ ಟಿಫಿನ್ ಡಬ್ಬ ಅವಳ ತಲೆಗೆ ಕುಕ್ಕಬೇಕು ಅನ್ನಿಸಿತು. ಪರೀಕ್ಷೆ ಡಿಸೆಂಬರಿನಲ್ಲಿ, ಇವಳು ದಾಕ್ಷಿಣ್ಯಕ್ಕೆ ಬಸುರಾದವರ ಹಾಗೆ ಬಾಯಿ ಮುಚ್ಚಿಕೊಂಡು ದಿನಗಳನ್ನು ಕಳೆದಿದ್ದಾಳೆ. ಬೈದೆ. ಚೆನ್ನಾಗಿ ಬೈದೆ. ಬೈದು ಮುಗಿಸಿ ಸ್ಕ್ರೂಡ್ರೈವರ್ ತರಲು ಮನೆಗೆ ಹೋದೆ.

ಟೆಸ್ಟಿಂಗ್ ಬೆಂಚಿನಲ್ಲಿ ನಮಗೆ ಕಲಿಸಿದ್ದು ಒಂದೇ ಪಾಠ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸು, ಉಳಿದದ್ದನ್ನು ಮುಟ್ಟಬೇಡ. ಹಾಗೇ ಮಾಡಿದೆ. ಮೆಮೊರಿ ಬದಲಾಯಿಸಿದೆ, ನಿಂತಿತು. ಬೇರೆ ಪವರ್ ಸಪ್ಲೈ ಹಾಕಿದೆ, ನಿಂತಿತು. ಪ್ರೊಸೆಸರ್ ವೇಗ ಇಳಿಸಿದೆ, ಕಾರ್ಡನ್ನು ನಡೆಸುವ ಡ್ರೈವರ್ ಪ್ರೋಗ್ರಾಮನ್ನು ತೆಗೆದು ಹೊಸದು ಹಾಕಿದೆ, ಆದರೂ ನಿಂತಿತು. ಬಿಡಲಿಲ್ಲ ನಾನು. ಅಡುಗೆಗೆ ಬರೀ ಅನ್ನ ಸಾರು ಮಾಡಿಟ್ಟು ದಿನಾ ಬೆಳಿಗ್ಗೆ ಅವಳ ಮನೆಗೆ ಹೋಗಿ ಕೂರುತ್ತಿದ್ದೆ. ಕಂಪ್ಯೂಟರ್ ನಡೆಯುವಷ್ಟು ಹೊತ್ತು ಅವಳು ಓದುವುದು, ನಿಂತ ತಕ್ಷಣ ನಾನು ಕೈ ಹಾಕುವುದು. ಕೊನೆಗೆ ಒಂದು ದಿನ, ನಿಂತ ಕೂಡಲೇ ಬೋರ್ಡಿನ ಮೇಲಿನ ಒಂದೊಂದು ಭಾಗವನ್ನೂ ಬೆರಳಿನಿಂದ ಮುಟ್ಟುತ್ತಾ ಬಂದೆ. ಗ್ರಾಫಿಕ್ಸ್ ಕಾರ್ಡು ಕೂರುವ ಜಾಗದ ಪಕ್ಕದಲ್ಲಿ ಉಗುರಿನಷ್ಟು ಕಪ್ಪು ತುಂಡೊಂದಿತ್ತು, ಕಾರ್ಡಿಗೆ ಕರೆಂಟ್ ಹದ ಮಾಡಿ ಕೊಡುವುದು ಅದರ ಕೆಲಸ. ಮುಟ್ಟಿದ್ದೇ ಚುರುಕ್ಕೆಂದು ಬೊಬ್ಬೆ ಬಂತು. ಅಯ್ಯೋ ಎನ್ನುವ ಬದಲು ಸಿಕ್ಕಿತು ಎಂದು ಕೂಗಿದೆ.

ಕಾರ್ಡಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಬೋರ್ಡಿನಲ್ಲೂ ಇರಲಿಲ್ಲ. ಆ ಕಾರ್ಡು ಕೇಳುವಷ್ಟು ಕರೆಂಟನ್ನು ಈ ಹಳೇ ಬೋರ್ಡು ಕೊಡಲಾರದು, ಅಷ್ಟೇ. ಎರಡೂ ಒಳ್ಳೆಯ ಮನೆತನವೇ, ಜಾತಕ ಕೂಡಿಬರಲಿಲ್ಲ. ಖಾತ್ರಿ ಮಾಡಿಕೊಳ್ಳಲು ನನ್ನ ಬಡಪಾಯಿ ಹಳೇ ಕಾರ್ಡನ್ನು ಹಾಕಿ ಬೆಳಗಿನಿಂದ ಸಂಜೆಯವರೆಗೆ ಬಿಟ್ಟೆ, ಒಮ್ಮೆಯೂ ನಿಲ್ಲಲಿಲ್ಲ. ಹಾಗಾದರೆ ಬೇಕಾದದ್ದು ಬಣ್ಣ ಸಾಕಷ್ಟು ಕೊಡುವ, ಹಸಿವು ಕಡಿಮೆ ಇರುವ ಒಂದು ಸಾಧಾರಣ ಕಾರ್ಡು. ಇದನ್ನು ಅಂಕಲ್‌ಗೆ ಹೇಳಿಬಿಡೋಣ ಎಂದೆ. ನಸ್ರೀನ್ ನನ್ನ ಕೈ ಹಿಡಿದುಕೊಂಡಳು.

"ಪರೀಕ್ಷೆ ಹೋದ್ರೂ ಹೋಗ್ಲಿ ವಸು. ಅವರಿಗೆ ಮಾತ್ರ ಹೇಳ್ಬೇಡ. ಆವತ್ತು ಆಸ್ಪತ್ರೇಲಿ ಅವ್ರಿಲ್ದೇ ಇದ್ದಿದ್ರೆ..." ಎಂದು ನಿಲ್ಲಿಸಿದಳು.

ಬೇರೆ ಕಾರ್ಡು ಕೊಳ್ಳೋಣವೆಂದರೆ, ಅದೂ ಅವರ ಕಿವಿಗೆ ಬೀಳುತ್ತೆ ಎಂದು ಒಪ್ಪಲಿಲ್ಲ, ಕೊನೆಗೆ ನಾನೇ ಸೋತೆ. ಅಲ್ಲಿಂದ ನಾವು ಮಾಡಿದ್ದು ನೆನೆದರೆ ಈಗ ನಗು ಬರುತ್ತದೆ. ವಾರವೆಲ್ಲ ಬಣ್ಣಗೆಟ್ಟ ಹಳೇ ಕಾರ್ಡಿನಲ್ಲಿ ಓದು. ಶನಿವಾರ ಬೆಳಿಗ್ಗೆ ಅದನ್ನು ಕಿತ್ತು, ಅಂಕಲ್ ಕಾರ್ಡನ್ನು ಕೂರಿಸಿ, ಒಂದು ಒಳ್ಳೆಯ ಸ್ಲೈಡನ್ನು ಪರದೆಗೆ ತಂದು ಇಡುವುದು. ಅವರು ಬಂದು ನೋಡಿ, ಎಂಥಾ ಕ್ಲಿಯರ್ರು ಅಂತ ಹಿಗ್ಗಿ, ಇವಳನ್ನು ಡ್ರೈವಿಂಗಿಗೆ ಕರೆದುಕೊಂಡು ಹೋದ ಮೇಲೆ ನಾನು ಮತ್ತೆ ಕಿತ್ತು ಡಬ್ಬಕ್ಕೆ ತುಂಬುವುದು. ಗಂಡಿನ ಕಡೆಯವರು ಬರುವಾಗ ಸಾಲ ತಂದ ಸೋಫಾ ಹಾಕಿದ ಹಾಗೆ. ಇಂಥ ನಾಟಕ ನಮ್ಮ ಜನ ಬಿಟ್ಟರೆ ಭೂಮಿಯ ಮೇಲೆ ಯಾರೂ ಆಡುವುದಿಲ್ಲ. ಈ ಮಧ್ಯೆ ನಸ್ರೀನಳ ಅಭ್ಯಾಸ ಪರೀಕ್ಷೆಯ ಅಂಕ ಇಳಿಯುತ್ತಿತ್ತು. ಚಿತ್ರವಿಲ್ಲದ ಪ್ರಶ್ನೆಗಳೆಲ್ಲ ಸರಿ, ಚಿತ್ರವಿದ್ದವು ತಪ್ಪು. ಒಂದು ದಿನ ಅವಳು ಸ್ಲೈಡ್ ನೋಡುತ್ತಾ ನೋಡುತ್ತಾ, ಬಿಡೇ ಸಾಕು, ನನ್ನ ಹಣೇಲಿ ಬರೆದಿಲ್ಲ ಎಂದು ಮೌಸ್ ಪಕ್ಕಕ್ಕೆ ತಳ್ಳಿದಳು.

ಮುಂದಿನ ಶನಿವಾರ ಬೆಳಿಗ್ಗೆ ಎಂದಿನಂತೆ ಸ್ಕ್ರೂಡ್ರೈವರ್ ಹಿಡಿದು ಕಂಪ್ಯೂಟರಿನ ಮುಂದೆ ಕೂತೆ. ಅಂಕಲ್ ಕಾರ್ಡು ಕೈಯಲ್ಲಿತ್ತು. ಇದ್ದಕ್ಕಿದ್ದಂತೆ ನನಗೆ ತಡೆಯಲಾಗಲಿಲ್ಲ. ಈ ಕಾರ್ಡಿನ ಮರ್ಯಾದೆ ಕಾಯುವುದಕ್ಕೆ ಒಬ್ಬ ಡಾಕ್ಟರನ್ನು ಮನೆಯಲ್ಲಿ ಕೂರಿಸುತ್ತಿದ್ದೇವಲ್ಲ ಎನ್ನಿಸಿತು. ನಾನೂ ಮನೆಯಲ್ಲಿ ಕೂತವಳೇ, ಅದು ಹೇಗಿರುತ್ತದೆ ಅಂತ ನನಗೆ ಗೊತ್ತು. ಇವಳು ಕೂರಕೂಡದು. ಕಾರ್ಡನ್ನು ಡಬ್ಬಕ್ಕೆ ಹಾಕಿಕೊಂಡು, ನಸ್ರೀನ್ ಎಲ್ಲಿಗೆ ಎಂದು ಕೇಳುವಷ್ಟರಲ್ಲಿ ಕಾರ್ ಸ್ಟಾರ್ಟ್ ಮಾಡಿದ್ದೆ.

ಅಂಕಲ್ ಮನೆಯ ಮುಂದೆ ಎಲೆ ಗುಡಿಸಿ ಚೀಲಕ್ಕೆ ತುಂಬುತ್ತಿದ್ದರು. ನನ್ನ ಕೈಯಲ್ಲಿದ್ದ ಡಬ್ಬ ನೋಡಿ ನಿಂತರು. ನಾನು ಸುತ್ತುಬಳಸದೆ ಹೇಳಿದೆ. ಕಾರ್ಡು ಚೆನ್ನಾಗಿದೆ, ಬೋರ್ಡಿಗೆ ತಡೆಯುತ್ತಿಲ್ಲ, ಮೊದಲ ವಾರದಿಂದ ತಡೆದಿಲ್ಲ, ಶನಿವಾರ ಶನಿವಾರ ನಿಮಗೆ ತೋರಿಸಲಿಕ್ಕೆ ಅಂತ ಹಾಕಿಡುತ್ತಿದ್ದೆವು. ಅವರ ಮುಖ ಸಣ್ಣಗಾಯಿತು. ಕುಂಟೆಯನ್ನು ಮರಕ್ಕೆ ಒರಗಿಸಿ, ಕೈ ಒರೆಸಿಕೊಂಡು, ಡಬ್ಬ ಈಸಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

"ಪ್ರತಿ ವಾರ ಕೇಳ್ದಾಗ್ಲೂ ಫಸ್ಟ್ ಕ್ಲಾಸ್ ಅಂದ್ರಲ್ಲಮ್ಮ, ಯಾಕೆ?"

"ನಿಮ್ಮ ಮನಸ್ಸಿಗೆ ನೋವಾಗ್ಬಾರ್ದು ಅಂತ ಅಂಕಲ್."

"ನೋವಾದ್ರೆ ನನಗೆ ಆಗುತ್ತೆ, ಎರಡು ದಿನ ಇದ್ದು ಹೋಗುತ್ತೆ. ಪರೀಕ್ಷೆ ಹೋದ್ರೆ ಆ ಮಗೂದು ಹೋಗುತ್ತೆ. ಯಾವ್ದು ದೊಡ್ಡದು?" ಅವರ ದನಿ ಏರಿರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ನಾನು ಕೇಳ್ತಿದ್ದಿದ್ದು ಕಾರ್ಡಿನ ಕ್ಷೇಮಸಮಾಚಾರ ಅಲ್ಲಮ್ಮ. ಅವಳು ಓದ್ತಿದಾಳಾ ಅಂತ."

ಅವರು ಒಳಗೆ ನಡೆದರು, ಬಾ ಎಂದು ಕರೆಯಲಿಲ್ಲ, ನಾನೇ ಹಿಂದೆ ಹೋದೆ. ತಮ್ಮ ಸ್ವಂತ ಕಂಪ್ಯೂಟರಿನ ಮುಂದೆ ನಿಂತು, ಇದರೊಳಗಿನ ಕಾರ್ಡು ಆಗುತ್ತಾ ನೋಡು ಎಂದರು. ಹಿಂದಿನ ವರ್ಷ ಕೊಂಡ ಕಂಪ್ಯೂಟರ್ ಅದು. ತಗಡು ಬಿಚ್ಚಿದೆ, ಅಂಕಲ್ ಟಾರ್ಚ್ ಹಿಡಿದರು. ಒಳಗಿದ್ದದ್ದು ಫ್ಯಾನ್ ಕೂಡ ಇಲ್ಲದ ತಣ್ಣನೆಯ ಪುಟ್ಟ ಕಾರ್ಡು, ಬಣ್ಣಗಳಿಗೆ ಬೇಕಾದಷ್ಟು ಮೆಮೊರಿ ಇತ್ತು. ಕಿತ್ತುಕೊಂಡೆ. ಅವರ ಹೊಸ ಬೋರ್ಡಿಗೆ ಆ ಬೆಂಕಿ ಉಗುಳುವ ಕಾರ್ಡನ್ನು ಸಾಕುವ ಶಕ್ತಿ ಇತ್ತು, ಅದನ್ನು ಅಲ್ಲಿ ಕೂರಿಸಿದೆ. ಲಲಿತಾ ಆಂಟಿ ಕಾಫಿ ತಂದರೆ ಅಂಕಲ್, ಆಮೇಲೆ ಕುಡಿಯೋಣ, ಮೊದಲು ಹೊರಡು ಎಂದು ತಾವೂ ನನ್ನ ಕಾರು ಹತ್ತಿದರು.

ನಮ್ಮಿಬ್ಬರನ್ನೂ ಒಟ್ಟಿಗೆ ಬಾಗಿಲಲ್ಲಿ ನೋಡಿ ನಸ್ರೀನಳಿಗೆ ಎಲ್ಲ ಗೊತ್ತಾಯಿತು. ಸಾರಿ ಅಂಕಲ್ ಎಂದು ಅತ್ತಳು. ಅವರು ಅವಳ ತಲೆ ಸವರಿ, ಕುರ್ಚಿ ತೋರಿಸಿದರು. ಕಾರ್ಡು ಹಾಕಿದೆ. ಗುಲಾಬಿ ಗುಲಾಬಿಯಾಗಿ, ನೇರಳೆ ನೇರಳೆಯಾಗಿ ಬಂತು. ನಾವು ಮೂವರೂ ನಿಲ್ಲುತ್ತದೆಂದು ಕಾದೆವು. ಆ ಕಪ್ಪು ತುಂಡನ್ನು ಗಳಿಗೆಗೊಮ್ಮೆ ಮುಟ್ಟಿ ನೋಡಿದೆ, ಬೆಚ್ಚಗಿತ್ತು ಅಷ್ಟೇ. ಮಧ್ಯಾಹ್ನ ಕಳೆಯಿತು. ನಸ್ರೀನ್ ನಾವಿರುವುದನ್ನು ಮರೆತು ಪ್ರಶ್ನೆ ಮೇಲೆ ಪ್ರಶ್ನೆ ಬಿಡಿಸುತ್ತಿದ್ದಳು. ಅಂಕಲ್ ಸೋಫಾದ ಮೇಲೆ ಕೂತಲ್ಲೇ ತೂಕಡಿಸಿದರು.

ಉಳಿದ ದಿನಗಳಲ್ಲಿ ಅವಳು ಓದಿದ ಓದು ಅಂಥಿಂಥದ್ದಲ್ಲ. ಡ್ರೈವಿಂಗ್ ಪಾಠ ನಿಂತಿತು. ಅವಳ ಮನೆಯ ಅಡುಗೆ ನಾನೂ ಆಂಟಿಯೂ ಹಂಚಿಕೊಂಡೆವು. ಇಮ್ರಾನ್ ಪಾತ್ರೆ ತೊಳೆಯುವುದನ್ನು ಕಲಿತ. ಪರೀಕ್ಷೆಯ ದಿನ ನಾನೇ ಡ್ರಾಪ್ ಮಾಡಿ, ಸಂಜೆ ಕರೆದುಕೊಂಡು ಬರಲು ಹೋದೆ. ಕಾರು ಹತ್ತಿದವಳು ಮೊದಲು ಶೂ ಕಳಚಿ ಕಾಲು ಮೇಲೆ ಮಡಚಿಕೊಂಡಳು. ಆಮೇಲೆ, ಇವತ್ತು ಇಡೀ ದಿನ ಬರೀ ಕಾಯಿಲೆಗಳ ಬಗ್ಗೆ ಯೋಚನೆ ಮಾಡಿದೆ ಕಣೇ, ಎಷ್ಟು ವರ್ಷ ಆಗಿತ್ತು ಎಂದಳು. ಅವಳು ಅದನ್ನು ಹೇಳಿದ ರೀತಿಗೆ ನನಗೆ ಕಣ್ಣು ತುಂಬಿ, ಹೆದ್ದಾರಿಯಿಂದ ಇಳಿಯಬೇಕಾದ ಎಕ್ಸಿಟ್ ತಪ್ಪಿಹೋಯಿತು.

ಹೊಸ ವರ್ಷ ಬಂತು. ಯಾವ ಕಂಪ್ಯೂಟರೂ ಕೆಡಲಿಲ್ಲ. ನಮ್ಮ ಗಂಡಂದಿರು ಲೋಕ ಉಳಿಸಿದವರಂತೆ ಮನೆಯಲ್ಲಿ ಮಲಗಿ ನಿದ್ದೆ ಮಾಡಿದರು. ಫಲಿತಾಂಶ ಬಂದದ್ದು ಹಿಮ ಬಿದ್ದು ರಸ್ತೆಯೆಲ್ಲ ಬೆಳ್ಳಗಾಗಿದ್ದ ದಿನ. ನಸ್ರೀನ್ ಚಪ್ಪಲಿಯಲ್ಲೇ ಹಿಮ ತುಳಿದುಕೊಂಡು ನಮ್ಮ ಮನೆಗೆ ಬಂದಳು, ಫಲಿತಾಂಶದ ಕಾಗದ ನನ್ನ ಕೈಗಿಟ್ಟು ಪಾಸು ಎಂದಳು, ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ನಾನು ಅವಳನ್ನು ತಬ್ಬಿಕೊಂಡು ಕುಣಿದೆನೋ ಅತ್ತೆನೋ ಈಗ ಸರಿಯಾಗಿ ನೆನಪಿಲ್ಲ, ಎರಡೂ ಇರಬೇಕು. ಅವಳು ನಮ್ಮ ಫೋನಿನಿಂದಲೇ ಮೂರ್ತಿ ಅಂಕಲ್‌ಗೆ ಹೇಳಿದಳು. ಎರಡು ಮಾತಾಡಿ, ನಿನ್ನನ್ನೇ ಕೇಳ್ತಿದಾರೆ ಎಂದು ರಿಸೀವರನ್ನು ನನಗೆ ಕೊಟ್ಟಳು.

"ವಸುಧಾ, ಪಾಸು ಅಂತಿದಾಳೆ," ಎಂದರು ಅಂಕಲ್. "ನಿಜ ಹೇಳು. ಪಾಸಾಗಿದಾಳೋ, ಇಲ್ಲಾ ನನ್ನ ಮನಸ್ಸಿಗೆ ನೋವಾಗ್ಬಾರ್ದು ಅಂತ ಹೇಳ್ತಿದೀರೋ?"

"ಪಾಸಾಗಿದಾಳೆ ಅಂಕಲ್. ನಾನೇ ಕಣ್ಣಾರೆ ನೋಡ್ದೆ."

ಆ ಕಡೆಯಿಂದ ಸದ್ದಿಲ್ಲ. ಲೈನ್ ಹೋಯಿತೇನೋ ಎಂದು ಹಲೋ ಹಲೋ ಎಂದೆ. ಸ್ವಲ್ಪ ಹೊತ್ತಿನ ಮೇಲೆ ಲಲಿತಾ ಆಂಟಿ ಫೋನ್ ತೆಗೆದುಕೊಂಡು, ಇವರು ಅಳ್ತಾ ಕೂತಿದಾರೆ, ಏನಂದ್ಯೇ ವಸುಧಾ ಎಂದು ಗಾಬರಿಯಿಂದ ಕೇಳಿದರು.